ತೂತಿನ ಕಲ್ಲು

"ನನ್ನ ಹಸಿರು ಕಲ್ಲು ಎಲ್ಲಿ?"

ಕಬ್ಬಿಣದ ಸ್ಟ್ಯಾಂಡು ಖಾಲಿಯಾಗಿತ್ತು. ಗ್ರಾನೈಟ್ ಯಾರ್ಡಿನ ಹಿಂಗೋಡೆಗೆ ಒರಗಿದ್ದ ಆ ಸ್ಟ್ಯಾಂಡಿನಲ್ಲಿ ನಾಲ್ಕು ದಿನದ ಹಿಂದೆ ಹದಿನೇಳು ಕಲ್ಲಿನ ತುಂಡುಗಳಿದ್ದವು. ಈಗ ಒಂದು ಗೋಣಿಚೀಲವಿತ್ತು, ಕಲ್ಲು ನಿಂತಿದ್ದ ಕಡೆ ದೂಳಿನಲ್ಲಿ ಗೆರೆಗಳಿದ್ದವು.

ಕಟ್ಟರ್ ಮಾವ ಗರಗಸದ ಯಂತ್ರಕ್ಕೆ ನೀರು ಬಿಡುತ್ತಿದ್ದವನು ತಿರುಗಲಿಲ್ಲ. ಪಾಲಿಶ್ ಅಕ್ಕ ಹೋಗಿ ನಲ್ಲಿ ತಿರುಗಿಸಿ ನಿಲ್ಲಿಸಿದಳು.

"ಕೇಳಿಸಲಿಲ್ವಾ ಮಾವ?"

"ಕೇಳಿಸ್ತಮ್ಮ. ನೀನು ಕೇಳ್ತೀಯ ಅಂತ ಗೊತ್ತಿದ್ದೇ ಬೆಳಿಗ್ಗೆಯಿಂದ ಕಿವಿಗೆ ಹತ್ತಿ ಇಟ್ಕೊಂಡಿದೀನಿ." ಅವನು ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡ. "ನನ್ನವೂ ಎರಡು ಹೋದ್ವು. ಯಜಮಾನ್ರು ಒಳಗಿದಾರೆ, ಹೋಗಿ ಕೇಳು. ನಾನು ಹೇಳ್ದೆ ಅನ್ಬೇಡ."

ಅಡುಗೆಕಟ್ಟೆಗೆ ಕಲ್ಲು ಕೊಯ್ಯುವಾಗ ಸಿಂಕ್ ಕೂರಿಸಲು ಮಧ್ಯದಲ್ಲೊಂದು ತೂತು ಕೊರೆಯಬೇಕು. ತೂತಿನಿಂದ ಹೊರಬೀಳುವ ತುಂಡು ಸಾಮಾನ್ಯವಾಗಿ ಇಪ್ಪತ್ತು ಇಂಚು ಅಗಲ, ಹದಿನಾರು ಇಂಚು ಎತ್ತರ. ಕಟ್ಟೆಗೆ ಹಣ ಕೊಟ್ಟವರು ಅದನ್ನು ಕೇಳುವುದಿಲ್ಲ, ಬೇರೆಯವರು ಕೊಳ್ಳುವುದಿಲ್ಲ. ಹಾಗಾಗಿ ಈಗಿನ ಯಜಮಾನನ ಅಪ್ಪನ ಕಾಲದಿಂದಲೂ ಅಲ್ಲೊಂದು ರೂಢಿ: ತೂತು ಕೊರೆದವರು ಮತ್ತು ಅದರ ಅಂಚು ಪಾಲಿಶ್ ಮಾಡಿದವರು ಸರದಿಯ ಮೇಲೆ ಆ ತುಂಡು ಒಯ್ಯಬಹುದು. ಹಿಂಬದಿಯಲ್ಲಿ ಮೇಣದ ಬಳಪದಿಂದ ತಮ್ಮ ಗುರುತು ಹಾಕಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಅದು ಅವರದು. ಪಾಲಿಶ್ ಅಕ್ಕನ ಗುರುತು ನೀಲಿ ಬಣ್ಣದ ಒಂದು ಸೊನ್ನೆ, ಒಳಗೊಂದು ಚುಕ್ಕೆ.

ಹದಿನಾಲ್ಕು ವರ್ಷದಲ್ಲಿ ಅವಳ ಅಡುಗೆಮನೆ ಎದ್ದಿದ್ದು ಹೀಗೆ. ಒಲೆಯ ಹಿಂದಿನ ಗೋಡೆಗೆ ಹದಿಮೂರು ಕಲ್ಲು, ಹದಿಮೂರು ಮನೆಗಳ ಸಿಂಕಿನಿಂದ ಬಂದವು. ಕಪ್ಪು, ಬೂದು, ಇಟ್ಟಿಗೆಗೆಂಪು, ಹಾಲಿನಲ್ಲಿ ಬೂದಿ ಕದಡಿದಂಥ ಬಿಳಿ. ಒಂದು ಕಲ್ಲು ಹದಿನಾರು ಮಿಲಿಮೀಟರ್ ದಪ್ಪವಿದ್ದರೆ ಇನ್ನೊಂದು ಇಪ್ಪತ್ತು. ಭಾನುವಾರಗಳಂದು ಅವಳು ಪ್ರತಿಯೊಂದರ ಬೆನ್ನನ್ನೂ ಹದಿನಾರಕ್ಕೆ ಇಳಿಯುವ ತನಕ ಉಜ್ಜುತ್ತಿದ್ದಳು. ಲಾರಿ ಓಡಿಸುವ ಗಂಡ ತಿಂಗಳಲ್ಲಿ ನಾಲ್ಕು ದಿನ ಮನೆಗೆ ಬಂದಾಗ ಗೋಡೆಗೆ ಕೂರಿಸುತ್ತಿದ್ದ. "ಊರವರ ಮನೆ ತೂತೆಲ್ಲ ತಂದು ನಮ್ಮನೇಲಿ ತುಂಬ್ತಿದಾಳೆ" ಎಂದು ಅತ್ತೆ ಬಂದವರಿಗೆಲ್ಲ ದೂರು ಹೇಳುತ್ತಿದ್ದಳು. ಹೇಳಿದ ಮೇಲೆ ಆ ಗೋಡೆಯ ಮುಂದೆ ಅವರನ್ನು ನಿಲ್ಲಿಸದೆ ಕಳಿಸುತ್ತಿರಲಿಲ್ಲ.

ಇನ್ನು ಒಂದೇ ಜಾಗ ಉಳಿದಿತ್ತು, ಒಲೆಗೆ ನೇರ ಹಿಂದೆ. ಗಾರೆಯ ಮೇಲೆ ಇಪ್ಪತ್ತಕ್ಕೆ ಹದಿನಾರರ ಪೆನ್ಸಿಲ್ ಚೌಕ. ಹೋದ ತಿಂಗಳು ಯಾರ್ಡಿಗೆ ಕಡು ಹಸಿರಿನ ಒಂದೇ ಒಂದು ಹಾಸುಗಲ್ಲು ಬಂದಿತ್ತು. ಅದರ ತೂತಿನಿಂದ ಬಿದ್ದ ತುಂಡಿನಲ್ಲಿ ಮೂಲೆಯಿಂದ ಮೂಲೆಗೆ ಒಂದು ಬಿಳಿ ಎಳೆ. ಗೋಡೆಯಲ್ಲಿ ಆ ಚೌಕದ ಎಡಗಡೆಯ ಬೂದು ಕಲ್ಲಿನಲ್ಲಿ ಅಂಥದೇ ಎಳೆ ಏಳು ವರ್ಷದಿಂದ ಅರ್ಧಕ್ಕೆ ನಿಂತಿತ್ತು. ಎರಡೂ ಸೇರುತ್ತವೆಂದು ಅವಳು ಕಾಗದದಲ್ಲಿ ಅಳತೆ ತೆಗೆದು ನೋಡಿಕೊಂಡಿದ್ದಳು. ಬೆನ್ನು ಉಜ್ಜಿ, ಗುರುತು ಹಾಕಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಮಾರನೆಯ ದಿನ ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ಮೂರು ದಿನ ರಜೆ ಹಾಕಿದ್ದಳು.

"ಬಂದ್ಯಾ? ಒಳ್ಳೇದಾಯ್ತು," ಎಂದ ಒಳಗೆ ಮೇಜಿನ ಹಿಂದೆ ಕೂತಿದ್ದ ಯಜಮಾನ. "ಅತ್ತೆ ಕಣ್ಣು ಹೇಗಿದೆ?"

"ಅತ್ತೆಗೆ ಕಣ್ಣು ಕಾಣ್ತಿದೆ. ನನಗೆ ನನ್ನ ಕಲ್ಲು ಕಾಣ್ತಿಲ್ಲ."

"ಓ, ಅದಾ. ಒಂದು ಗಿರಾಕಿ ಮನೆ ಗೋಡೆಗೆ ಹೋಯ್ತು. ಅದು ವೇಸ್ಟು ಕಣಮ್ಮ."

"ವೇಸ್ಟನ್ನ ಯಾಕೆ ಬೇರೆಯವರಿಗೆ ಕೊಟ್ರಿ?"

"ಇಷ್ಟು ದಿನ ವೇಸ್ಟಾಗಿತ್ತು. ಈಗ ಡಿಸೈನು." ತನ್ನ ಮಾತಿಗೆ ತಾನೇ ನಕ್ಕು ಅವನು ಮೇಜಿನ ಮೇಲಿದ್ದ ಬಣ್ಣದ ಕರಪತ್ರವನ್ನು ಅವಳತ್ತ ತಳ್ಳಿದ. "ನೋಡು, ನಮ್ಮ ಡಿಸೈನರ್ ಮೇಡಂ ಹೊಸದಾಗಿ ಶುರು ಮಾಡಿದಾರೆ. ಇನ್ಮೇಲೆ ಒಂದು ಚೂರೂ ಹೊರಗೆ ಹೋಗೋ ಹಾಗಿಲ್ಲ. ಸ್ಟ್ಯಾಂಡಿಗೆ ಬೀಗ ಹಾಕಿಸ್ತಿದೀನಿ."

ಕರಪತ್ರದಲ್ಲಿದ್ದುದು ಅವಳ ಗೋಡೆ. ಪೆನ್ಸಿಲ್ ಚೌಕವಿದ್ದ ಕಡೆ ಕಂಪ್ಯೂಟರಿನಲ್ಲಿ ಯಾವುದೋ ಕಲ್ಲಿನ ಚಿತ್ರ ಅಂಟಿಸಿದ್ದರು. ಗ್ಯಾಸ್ ಪೈಪು ಅಳಿಸಿದ್ದರು. ಕೆಳಗೆ ಬಲಮೂಲೆಯಲ್ಲಿ ಮಾತ್ರ ಅಳಿಸಲು ಮರೆತ ಒಂದು ಮಣಿಕಟ್ಟು ಉಳಿದಿತ್ತು, ಎರಡು ಸವೆದ ಬಳೆ, ಒಂದು ಚಹಾ ಕಪ್ಪಿನ ಹಿಡಿ. ಅತ್ತೆಯ ಕೈ.

ಆರು ತಿಂಗಳ ಹಿಂದೆ ಒಂದು ಭಾನುವಾರ ಡಿಸೈನರ್ ಅಂಚಿನ ಸ್ಯಾಂಪಲ್ ತೋರಿಸಲು ಮನೆ ಹುಡುಕಿಕೊಂಡು ಬಂದಿದ್ದಳು. ನೀರು ಕೇಳಿ ಒಳಗೆ ಬಂದವಳು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. "ಅಯ್ಯೋ ಅಕ್ಕ, ಇದನ್ನ ನೀವೇ ಮಾಡಿದ್ರಾ? ಒಂದೇ ಒಂದು ಫೋಟೊ ತಗೋತೀನಿ." ಅತ್ತೆ ಚಹಾ ಮಾಡಿಕೊಟ್ಟಿದ್ದಳು. ಆ ವಾರವೆಲ್ಲ ಪಾಲಿಶ್ ಅಕ್ಕ ಯಾರ್ಡಿನಲ್ಲಿ ಹಾಡಿಕೊಂಡು ಕೆಲಸ ಮಾಡಿದ್ದಳು. ಅದು ನೆನಪಾಗಿ ಈಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಚಿತ್ರದ ಕೆಳಗೆ ಅಚ್ಚಾಗಿತ್ತು: ಉಳಿದ ಕಲ್ಲಿಗೆ ಹೊಸ ಬಾಳು. ನಮ್ಮ ಸ್ವಂತ ಪರಿಕಲ್ಪನೆ.

"ಏನು ಅಂದ್ರೆ," ಯಜಮಾನ ಗಂಟಲು ಸರಿಮಾಡಿಕೊಂಡ, "ಆ ಗಿರಾಕಿ ಮನೇಲಿ ಗೋಡೆ ಸ್ವಲ್ಪ ಏರುಪೇರಾಗಿದೆ. ಒರೆಸೋಕೆ ಹೋದ್ರೆ ಬಟ್ಟೆ ಸಿಕ್ಕಾಕ್ಕೊಳ್ಳುತ್ತಂತೆ. ಒಪ್ಕೊಳಲ್ಲ ಅಂತಿದಾರೆ. ನೀನು ಹೋಗಿ ಸರಿ ಮಾಡ್ಬಿಡು. ಮೊದಲೇ ನಿನ್ನ ಕೇಳೋಣ ಅಂದ್ರೆ ನೀನು ರಜೆ."

"ಮೂರು ದಿನ ಕಾಯೋಕಾಗ್ಲಿಲ್ವಾ?"

ಅವನು ಫೋನು ಎತ್ತಿಕೊಂಡು ಏನೋ ಓದುವವನಂತೆ ಕೂತ. ಅವಳು ಗ್ರೈಂಡರ್, ಚಪ್ಪಟೆ ಸಲಾಕೆ, ಅಂಟಿನ ಚೀಲ, ಅಂಟು ಎಳೆಯುವ ಹಲ್ಲುಕರಣೆ ಡಬ್ಬಕ್ಕೆ ತುಂಬಿಕೊಂಡಳು. ಸ್ಟ್ಯಾಂಡಿನಲ್ಲಿದ್ದ ಗೋಣಿಚೀಲವನ್ನೂ ಮಡಚಿ ಇಟ್ಟುಕೊಂಡಳು.

ಗಿರಾಕಿಯ ಅಡುಗೆಮನೆ ಅವಳ ಇಡೀ ಮನೆಯಷ್ಟಿತ್ತು. ಕಿಟಕಿಗೆ ಇನ್ನೂ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡೇ ಇತ್ತು. ಒಲೆ ಒಂದು ಸಲವೂ ಹೊತ್ತಿರಲಿಲ್ಲ. ಗೋಡೆಯಲ್ಲಿ ನಾಲ್ಕು ಸಾಲು, ಸಾಲಿಗೆ ನಾಲ್ಕು ಕಲ್ಲು, ಎಲ್ಲವನ್ನೂ ಹದಿನೆಂಟಕ್ಕೆ ಹದಿನಾಲ್ಕು ಇಂಚಿನ ಒಂದೇ ಅಳತೆಗೆ ಕತ್ತರಿಸಿದ್ದರು. ಅವಳು ಬೆರಳಗಂಟಿನಿಂದ ತಟ್ಟಿದಳು. ಮೂಲೆಗಳಲ್ಲಿ, ನಟ್ಟನಡುವೆ ಗಟ್ಟಿ, ಉಳಿದ ಕಡೆ ಟೊಳ್ಳು. ಬೆನ್ನಿಗೆ ಪೂರ್ತಿ ಅಂಟು ಹರಡದೆ ಐದು ಮುದ್ದೆ ಇಟ್ಟು ಒತ್ತಿದ ಕೆಲಸ. ಬೆನ್ನು ಉಜ್ಜುವ ಗೋಜಿಗೆ ಯಾರೂ ಹೋಗಿರಲಿಲ್ಲ. ಫೋಟೊದಲ್ಲಿ ಕಲ್ಲಿನ ಬೆನ್ನು ಕಾಣುವುದಿಲ್ಲ.

ಮೂರನೆಯ ಸಾಲಿನಲ್ಲಿ ಹಸಿರು ಕಲ್ಲು ಇತ್ತು. ಅದನ್ನು ತಲೆಕೆಳಗು ಮಾಡಿ ಕೂರಿಸಿದ್ದರು. ಬಿಳಿ ಎಳೆಯ ಎರಡೂ ತುದಿ ಹೋಗಿದ್ದವು. ಉಳಿದದ್ದು ಪಕ್ಕದ ಕಂದು ಕಲ್ಲಿಗೆ ಡಿಕ್ಕಿ ಹೊಡೆದು ನಿಂತಿತ್ತು. ಅವಳು ಗೇಣು ಹಾಕಿ ನೋಡಿದಳು. ನೋಡುವ ಅಗತ್ಯವೇನೂ ಇರಲಿಲ್ಲ.

"ಎರಡಿಂಚು ಕತ್ತರಿಸಿದೀರಿ."

"ಯುನಿಫಾರ್ಮ್ ಆಗಿ ಬರ್ಬೇಕಲ್ಲ ಅಕ್ಕ," ಎಂದಳು ಡಿಸೈನರ್. ಕೈಯಲ್ಲಿದ್ದ ಟ್ಯಾಬ್ಲೆಟ್‌ನಿಂದ ಕಣ್ಣೆತ್ತಿರಲಿಲ್ಲ.

ಮನೆಯಾಕೆ ಕುರ್ಚಿ ಎಳೆದುಕೊಂಡು ಕೂತಳು. "ಐಡಿಯಾ ಮಾತ್ರ ತುಂಬಾ ಚೆನ್ನಾಗಿದೆ. ಹೇಗೆ ಹೊಳೀತು ನಿಮಗೆ?"

"ಒಂದ್ಸಲ ಎಲ್ಲೋ ಹೋಗಿದ್ದೆ. ಹಾಗೇ ಹೊಳೀತು."

ಪಾಲಿಶ್ ಅಕ್ಕ ಸಲಾಕೆ ಕೆಳಗಿಟ್ಟಳು. "ಎಲ್ಲೋ ಹೋಗಿರಲಿಲ್ಲ ಅಮ್ಮ ಇವರು, ನಮ್ಮನೆಗೆ ಬಂದಿದ್ರು. ನಮ್ಮತ್ತೆ ಚಹಾ ಕೊಟ್ರು. ಎರಡು ಚಮಚ ಸಕ್ಕರೆ ಕೇಳಿ ಹಾಕಿಸ್ಕೊಂಡ್ರು."

ಮನೆಯಾಕೆ ತಮಾಷೆಯೆಂದುಕೊಂಡು ನಕ್ಕಳು. ಡಿಸೈನರ್ ಕೂಡ ನಕ್ಕಳು. "ನಮ್ಮ ಅಕ್ಕನ ಕೈ ಬಂಗಾರ. ಮಾತು ಮಾತ್ರ ಒಂದು ಸ್ವಲ್ಪ ಜಾಸ್ತಿ."

ಪಾಲಿಶ್ ಅಕ್ಕ ಮತ್ತೆ ಸಲಾಕೆ ಎತ್ತಿಕೊಂಡಳು. ಉಬ್ಬಿ ನಿಂತಿದ್ದ ಒಂಬತ್ತು ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿದಳು, ಬಾಲ್ಕನಿಗೆ ಹೊತ್ತುಕೊಂಡು ಹೋಗಿ ನೀರು ಹಾಕಿ ಬೆನ್ನು ಉಜ್ಜಿದಳು. ಕಲ್ಲಿನ ಕೆಸರು ಮೊಣಕೈವರೆಗೂ ಹತ್ತಿತು. ಹಲ್ಲುಕರಣೆಯಿಂದ ಅಂಟನ್ನು ಮೂಲೆಮೂಲೆಗೂ ಎಳೆದು ಮತ್ತೆ ಕೂರಿಸಿದಳು. ಮೊದಲು ಬೆರಳಿಟ್ಟು ನೋಡಿದಳು, ಆಮೇಲೆ ರೂಲುಪಟ್ಟಿ ಇಟ್ಟು. ನಾಲ್ಕು ಗಂಟೆ ಹಿಡಿಯಿತು. ಅವಳಿಗೆ ಸಿಟ್ಟು ಬಂದಾಗ ಕೆಲಸ ಕೆಡುವುದಿಲ್ಲ, ಇನ್ನೂ ನಾಜೂಕಾಗಿ ನಡೆಯುತ್ತದೆ. ಮನೆಯಾಕೆ ಬಟ್ಟೆ ತಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದಳು. ಎಲ್ಲೂ ತಡೆಯಲಿಲ್ಲ.

"ಮುಗೀತಲ್ಲ?" ಎಂದಳು ಡಿಸೈನರ್.

"ಇನ್ನೊಂದಿದೆ."

ಅವಳು ಗ್ರೈಂಡರ್ ಹಚ್ಚಿ ಹಸಿರು ಕಲ್ಲಿನ ಸುತ್ತಲ ಸಂದನ್ನು ಬಿಡಿಸಿದಳು.

"ಅಕ್ಕ, ಅದು ಸಮ ಇದೆ!"

"ಇರುತ್ತೆ. ಅದರ ಬೆನ್ನು ಉಜ್ಜಿದ್ದು ನಾನು."

ಸಲಾಕೆ ತೂರಿಸಿ, ಅಂಗೈಯನ್ನು ಕಲ್ಲಿಗೆ ಒತ್ತಿ ಹಿಡಿದು ಮೆಲ್ಲಗೆ ಮೀಟಿದಳು. ಐದು ಮುದ್ದೆಗಳು ಒಂದಾದ ಮೇಲೊಂದು ಬಿಟ್ಟ ಸದ್ದು ಕೇಳಿಸಿತು. ಕಲ್ಲನ್ನು ಕಟ್ಟೆಯ ಮೇಲೆ ಮಗುಚಿ ಹಾಕಿ, ನಡುವಿನ ಮುದ್ದೆಯನ್ನು ಉಗುರಿನಿಂದ ಕೆರೆದಳು. ನೀಲಿ ಸೊನ್ನೆ, ಒಳಗೆ ಚುಕ್ಕೆ.

"ಇದು ನನ್ನದು," ಎಂದು ಹೇಳಿ ಗೋಣಿಚೀಲ ಬಿಡಿಸಿದಳು.

ಡಿಸೈನರ್ ಆಗಲೇ ಯಜಮಾನನಿಗೆ ಫೋನು ಹಚ್ಚಿದ್ದಳು. ಅವನ ದನಿ ಸ್ಪೀಕರಿನಲ್ಲಿ ಒಡೆದು ಬಂತು. "ಏನಮ್ಮಾ ಇದು? ತಲೆ ಕೆಟ್ಟಿದ್ಯಾ? ಎರಡಿಂಚು ತಾನೇ ಹೋಗಿದ್ದು! ಅದನ್ನ ಅಲ್ಲೇ ವಾಪಸ್ ಇಡು, ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ."

"ಬರಲ್ಲ. ಮುಂದಿನ ಗೋಡೆ ಉಬ್ಬಿದ್ರೆ ಪರಿಕಲ್ಪನೆ ಹಚ್ಚಿ ಉಜ್ಜಿಸಿ, ಸಮ ಆಗುತ್ತೆ. ನಿಮ್ಮ ಗ್ರೈಂಡರ್ ಇಲ್ಲೇ ಬಿಟ್ಟಿದೀನಿ."

ಹದಿನಾಲ್ಕು ವರ್ಷ ಆ ಗ್ರೈಂಡರಿನ ಹಿಡಿಗೆ ಅವಳ ಸೀರೆಯ ಚೂರೇ ಸುತ್ತಿತ್ತು. ಅದನ್ನು ಬಿಚ್ಚಿಕೊಂಡು ಚೀಲಕ್ಕೆ ಹಾಕಿದಳು.

ಬಾಗಿಲು ದಾಟುವಾಗ ಹಿಂದಿನಿಂದ ಮನೆಯಾಕೆಯ ಮಾತು ಕೇಳಿಸಿತು. "ಒಂದ್ನಿಮಿಷ. ಅವರ ಮನೆ ಅಂದ್ರಲ್ಲ, ಅದು ನಿಜಾನಾ?" ಉತ್ತರಕ್ಕೆ ಅವಳು ಕಾಯಲಿಲ್ಲ.

ಏಳು ಕಿಲೊ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು.

"ಬಂತಾ ನಿನ್ನ ಕೊನೇ ತೂತು?"

"ಬಂತು."

ಅವಳು ಒಲೆಯ ಹಿಂದೆ ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಕೆಳಗೆ ಮರದ ತುಂಡು ಕೊಟ್ಟು ಪೆನ್ಸಿಲ್ ಚೌಕದ ನಡುವಿಗೆ ತಂದಳು. ನಾಲ್ಕೂ ಕಡೆ ಒಂದೊಂದು ಇಂಚು ಗಾರೆ ಉಳಿಯಿತು. ಬೂದು ಕಲ್ಲಿನ ಬಿಳಿ ಎಳೆ ತನ್ನ ಅಂಚಿನ ತನಕ ಬಂದು ನಿಂತಿತ್ತು. ಹಸಿರಿನದು ಒಂದು ಇಂಚು ಈಚೆಗೆ ಶುರುವಾಯಿತು.

ಅತ್ತೆ ಎದ್ದು ಬಂದಳು. ಕನ್ನಡಕದ ಹಿಂದಿನಿಂದ ಅವಳಿಗೆ ಎಷ್ಟು ಕಾಣುತ್ತಿತ್ತೋ. ಕಲ್ಲಿನ ಅಂಚಿನಿಂದ ಪೆನ್ಸಿಲ್ ಗೆರೆಯವರೆಗೆ ಬೆರಳಿಟ್ಟು ಅಳೆದಳು.

"ಸಣ್ಣದಾಯ್ತಲ್ಲೇ."

"ಕತ್ತರಿಸಿದ್ರು."

"ಯಾರು?"

"ನೀವು ಚಹಾ ಕೊಟ್ರಲ್ಲ, ಅವಳು."

"ಹಾಲಿಗೆ ನೀರು ಸೇರಿಸಿರಲಿಲ್ಲ ನಾನು ಅವತ್ತು," ಎಂದಳು ಅತ್ತೆ. ಸೆರಗಿನ ತುದಿಯನ್ನು ನಲ್ಲಿಯಲ್ಲಿ ಒದ್ದೆ ಮಾಡಿಕೊಂಡು ಬಂದು ಪೆನ್ಸಿಲ್ ಗೆರೆ ಒರೆಸಲು ಕೈ ಚಾಚಿದಳು.

"ಬೇಡ, ಇರ್ಲಿ."

ಪಾಲಿಶ್ ಅಕ್ಕ ಒಲೆ ಹಚ್ಚಿ ನೀರಿಟ್ಟಳು. ಕುದಿ ಬಂದಂತೆ ಆವಿ ಎದ್ದು ಹಸಿರು ಕಲ್ಲಿಗೆ ತಾಗಿತು. ಕಲ್ಲು ಒದ್ದೆಯಾಗಿ ಅದರ ಹಸಿರು ಗಾಢವಾಯಿತು, ನಡುವೆ ಬಿಳಿ ಎಳೆ ಎದ್ದು ಕಂಡಿತು. ಅದು ಅಂಚಿನ ತನಕ ಹೋಯಿತು. ಅದರಾಚೆ ಒಂದು ಇಂಚು ಒಣ ಗಾರೆ, ಆಮೇಲೆ ಪೆನ್ಸಿಲ್ ಗೆರೆ.