ಎದುರುಮನೆಯ ಕೀಲಿಕೈ

ಹಬ್ಬ ಹೊಸ್ತಿಲಿಗೆ ಬರುವ ಮೊದಲೇ ಹಬ್ಬದ ಹಣ ಹಿತ್ತಲ ಬಾಗಿಲಿನಿಂದ ಹೊರಟುಹೋಗುವುದು ಮರಳಿ ಊರಿನ ಯಾವ ಮನೆಗೂ ಹೊಸದಲ್ಲ. ಆದರೆ ಅಂದು ರಾಜಾಬೀ ತನ್ನ ಮನೆಯಲ್ಲಿ ಕಳ್ಳರಿದ್ದಾರೆಂದೇ ನಂಬಿದಳು.

ರಂಜಾನ್ ಹಬ್ಬಕ್ಕೆ ಇಷ್ಟೇ ಖರ್ಚೆಂದು ಮನೆಮಂದಿಯೆಲ್ಲ ಕೂತು ಗೊತ್ತುಮಾಡಿ, ಆ ಹಣವನ್ನು ತಗಡಿನ ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದರು. ಹಬ್ಬದ ಪಾಯಸ ಸುರಕುಂಬಾಕ್ಕೆ ಶ್ಯಾವಿಗೆ, ಖರ್ಜೂರ ತರಲೆಂದು ತೆರೆದರೆ ಡಬ್ಬಿಯ ತಳದಲ್ಲಿ ನಾಲ್ಕೈದು ನೋಟಷ್ಟೇ ಉಳಿದಿದ್ದವು. ಗಂಡ ನೂರಸಾಬ ಚಹಾಕ್ಕೂ ಕೇಳಿ ತೆಗೆದುಕೊಳ್ಳುವ ಮನುಷ್ಯ. ಮಗ ರಫೀಕ ದಿನವಿಡೀ ಅಕ್ಕಿ ಗಿರಣಿಯಲ್ಲಿ. ಉಳಿದವಳು ಸೊಸೆ ಗುಲ್ಶನ. ಅವಳ ಕೈಯಲ್ಲಿ ಹೊಸ ಹಸಿರು ಬಳೆ! ಸಂಶಯಕ್ಕೆ ಅಷ್ಟೇ ಸಾಕಾಯಿತು.

“ಡಬ್ಬಿ ಹಗುರಾತು, ಯಾರದೋ ಕೈ ಭಾರಾತು!”

ರೋಜಾ ಉಪವಾಸ ಹಿಡಿದ ಅತ್ತೆಯ ಬಾಯಿ ಆಡಬಾರದ ಮಾತು ಅದು. ಗುಲ್ಶನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು.

“ಕಳ್ಳಿ ಅನಿಸ್ಕೊಂಡು ಹಬ್ಬ ಮಾಡಾಕ ನನಗಾಗಂಗಿಲ್ರಿ. ಹಿಟ್ನಾಳದ ತವರಮನಿಗೆ ಹೊಂಟೀನಿ.”

ಗದ್ದಲ ಕೇಳಿ ಎದುರುಮನೆಯ ಗುರುಲಿಂಗಮ್ಮ, ರಾಜಾಬೀಯ ಮಹಿಳಾ ಸಂಘದ ಗೆಳತಿ, ಕೈ ಒರೆಸಿಕೊಳ್ಳುತ್ತ ಬಂದಳು.

“ಬೀಗ ಮುರದೈತೇನ, ರಾಜಾಬೀ?”

“ಇಲ್ಲವ್ವ.”

“ಕೀಲಿಕೈ ಎಲ್ಲೈತಿ?”

“ನನ್ನ ಕೊರಳಾಗ. ಮಲಗಿದ್ರೂ ತಗಿಯಂಗಿಲ್ಲ.”

“ಮತ್ತ ಸೊಸಿ ಹೆಂಗ ತಗದ್ಳು, ಮಂತ್ರ ಹಾಕಿ?”

“ಅತ್ತಿ, ನಿಮ್ಮ ಕೈ ನೋಡ್ಕೋರಿ,” ಎಂದಳು ಗುಲ್ಶನ. “ಗಂಗಾವತಿ ಬಜಾರದಾಗ ಈ ಬಳಿ ನೀವೂ ಇಟ್ಕೊಂಡ್ರಿ, ನನಗೂ ಇಡಿಸಿದ್ರಿ. ಆಮ್ಯಾಲ ಬಾಗಿಲ ಪರದೆ. ಬೀಗರು ಬಂದ್ರ ನಾಚಿಕಿ ಅಂತ ಗಾಜಿನ ಬಟ್ಟಲಾ.”

“ಅವೆಲ್ಲ ಸಣ್ಣಪುಟ್ಟವು!” ಎನ್ನುತ್ತಲೇ ರಾಜಾಬೀ ಮುಂಗೈ ನೋಡಿಕೊಂಡಳು. ಅದೇ ಹಸಿರು. ಪ್ರತಿಸಲವೂ “ಇದೊಂದೇ” ಎಂದು ಬೀಗ ತೆರೆದಿದ್ದಳು. ಕೈ ತನ್ನದೇ ಆಗಿದ್ದರಿಂದ ಲೆಕ್ಕಕ್ಕೆ ಹಿಡಿದಿರಲಿಲ್ಲ.

“ಡಬ್ಬಿ ನಿನ್ನ ಮನ್ಯಾಗಿರಲಿ, ಕೀಲಿಕೈ ನನಗ ಕೊಡು,” ಎಂದಳು ಗುರುಲಿಂಗಮ್ಮ. “ನಮ್ಮ ದೀವಳಿಗಿ ಡಬ್ಬಿ ಕೀಲಿಕೈ ನೀ ಇಟ್ಕೋ. ನಾನೇನ ಕಮ್ಮಿ ಕಳ್ಳಿ ಅಂತ ತಿಳದೀಯೇನ?”

“ಕೇಳಿದಾಗ ನೀ ಕೊಡದಿದ್ರ?” ರಾಜಾಬೀಯ ಕಣ್ಣಲ್ಲಿ ಸಂಶಯ ಇನ್ನೂ ಆರಿರಲಿಲ್ಲ.

“ಮನಿಮಂದಿ ಗೊತ್ತು ಮಾಡಿದ್ದಕ್ಕ ಕೊಡ್ತೀನಿ. ಹುಕಿ ಬಂದದ್ದಕ್ಕ ಕೊಡಂಗಿಲ್ಲ.”

ರಾಜಾಬೀ ಕೊರಳ ದಾರ ಬಿಚ್ಚಿ ಅವಳ ಅಂಗೈಗಿಟ್ಟಳು. ಬಳಿಕ ಸೊಸೆಯ ಚೀಲ ಇಸಿದುಕೊಂಡಳು.

“ತಪ್ಪಾತವ್ವ, ಹೋಗಬ್ಯಾಡ. ನೀ ಮಾಡದ ಸುರಕುಂಬಾ ನನ್ನ ಗಂಟಲಾಗ ಇಳಿಯಂಗಿಲ್ಲ.”

“ಉಳದ ರೊಕ್ಕದಾಗ ಮಾಡೂಣ್ರಿ. ಗೋಡಂಬಿ ಕಮ್ಮಿ,” ಎಂದಳು ಗುಲ್ಶನ, ಕಣ್ಣೊರೆಸಿಕೊಂಡು.

“ನಮ್ಮ ಮನಿ ಬಟ್ಟಲದಾಗ ಕಮ್ಮಿ ಮಾಡಬ್ಯಾಡ ಮತ್ತ!” ಎನ್ನುತ್ತ ಗುರುಲಿಂಗಮ್ಮ ಹೊರಟಳು.

ಬಂಧುಗಳೇ, ಸ್ವಂತ ಕೈಯಿಂದ ಖರ್ಚುಮಾಡಿ ಸೊಸೆಯ ಕೈ ತಪಾಸಿಸುವುದು ಶುದ್ಧ ಅನ್ಯಾಯ. ನಿಮ್ಮ ಹಬ್ಬ ಯಾವುದೇ ಇರಲಿ, ಖರ್ಚನ್ನು ಎಲ್ಲರೂ ಕೂತು ಮೊದಲೇ ಗೊತ್ತುಮಾಡಿರಿ. ಆ ಹಣವನ್ನು ಬೇರೆಯಾಗಿಡಿರಿ. ಕೀಲಿಕೈಯನ್ನು ಮಾತ್ರ, ನಿಮ್ಮ ಮುಖ ನೋಡಿಯೇ “ಬ್ಯಾಡ” ಎನ್ನಬಲ್ಲವರಿಗೆ ಇಂದೇ ಕೊಟ್ಟುಬನ್ನಿರಿ.