ಮೂರನೆಯ ಸಾಲಿನಲ್ಲಿ ಕೂತವಳು

ಮೈಕು ಕೀಂ ಎಂದು ಕಿರುಚಿ ಸುಮ್ಮನಾಯಿತು, ದಾದಾ, ರೂಪಾಲಿಯ ಅಣ್ಣ, ಬೆರಳಿನಿಂದ ಅದನ್ನು ತಟ್ಟುತ್ತಿದ್ದಾನೆ, ಅದೇ ಬೆರಳು, ಬಸವಕಲ್ಯಾಣದ ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಅದ್ದಿ ಆಯಿಯ ಕೈಲಿ ಪೆಟ್ಟು ತಿಂದ ಬೆರಳು, ಈಗ ಅದಕ್ಕೊಂದು ಉಂಗುರ — ಕಥೆ ಬರೆಯುವವರು ಹೊರಗೆಲ್ಲೂ ಹುಡುಕಬೇಡಿ, ನಿಮ್ಮ ಮನೆಯೊಳಗೇ ಇದೆ, ಧೈರ್ಯವಾಗಿ ತೆಗೆದುಕೊಳ್ಳಿ, ಅನ್ನುತ್ತಿದ್ದಾನೆ, ಕಾಲೇಜಿನ ಹುಡುಗ ಹುಡುಗಿಯರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಾರೆ, ರೂಪಾಲಿ ಸೆರಗು ಬಿಗಿಹಿಡಿದು ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ, ತೆಗೆದುಕೊಳ್ಳಿ ಅಂತೆ, ಕೇಳಿ ತೆಗೆದುಕೊಳ್ಳಿ ಅನ್ನಲಿಲ್ಲ. ತಂಗಿಯ ಊರು ಹುಮನಾಬಾದಿಗೆ ಬರುತ್ತೇನೆಂದು ಅವನು ಒಂದು ಮಾತು ಹೇಳಿಕಳಿಸಿರಲಿಲ್ಲ, ಗೋಡೆಗೆ ಅಂಟಿಸಿದ ಕಾಗದ ನೋಡಿ ಕರೆಯದಿದ್ದರೂ ಬಂದಳು, ಕಥೆಗಾರ ಧಮ್ಮಪಾಲ ಅವರಿಂದ ಹೊಸ ಬರಹಗಾರರಿಗೆ ಕಿವಿಮಾತು. ಹಾರ ಹಾಕುವ ಮೊದಲು ಮಾಸ್ತರರು ಹೇಳಿದ್ದರು, ಒಡಹುಟ್ಟಿದ ತಂಗಿಯನ್ನು ಬೆಂಕಿಗೆ ಕಳೆದುಕೊಂಡ ನೋವಿನಲ್ಲಿ ಹುಟ್ಟಿದ ಕಥೆ, ಬಹುಮಾನ ಬಂದ ಕಥೆ, ಈ ಕಾಲೇಜಿನವರಿಗೆ ಅವಳ ಮುಖ ಗೊತ್ತಿಲ್ಲ, ದಾದಾನಿಗೆ ಇನ್ನೊಬ್ಬ ತಂಗಿಯಿಲ್ಲ, ಕುರ್ಚಿಯ ಕಬ್ಬಿಣ ಬೆನ್ನಿಗೆ ಒತ್ತುತ್ತಿದೆ, ಸತ್ತವರಿಗೆ ಒತ್ತುತ್ತದೆಯೇ — ಆಗ ಅವನು ಕಣ್ಣೆತ್ತಿದ, ಮೊದಲ ಸಾಲು, ಎರಡನೆಯದು, ಅವಳು, ನೋಡಿದ, ನೋಡಿದ್ದು ಖಚಿತ, ಕನ್ನಡಕ ತೆಗೆದು ಒರೆಸಿಕೊಂಡ. ಇನ್ನೇನು ಹೇಳುತ್ತಾನೆ, ಮಾತಿನ ನಡುವೆ ನಕ್ಕು ಹೇಳುತ್ತಾನೆ, ಅಗೋ ನನ್ನ ತಂಗಿ, ಗಟ್ಟಿಮುಟ್ಟಾಗಿದ್ದಾಳೆ, ಅವಳ ಗಂಡ ಒಳ್ಳೆಯವನು, ಅದು ಬರೀ ಕಥೆ. ಅಷ್ಟು ಸಾಕು. ಹೋಗು, ಎಂದು ಗಂಡ ಮಾರುತಿಯೇ ಕಳಿಸಿದ್ದಾನೆ, ನಿಮ್ಮ ದಾದಾ ಮಂದಿ ಮುಂದ ಒಂದು ಮಾತು ಹೇಳಲಿ, ನಾ ಮತ್ತೇನೂ ಕೇಳಾಂಗಿಲ್ಲ.

ಕೊನೆ ನಾಟಬೇಕು, ಅನ್ನುತ್ತಿದ್ದಾನೆ, ಓದಿ ಮುಗಿಸಿದ ಮೇಲೂ ಮುಳ್ಳು ಒಳಗೇ ಉಳಿಯಬೇಕು, ಹಿಮ ಬೀಳುವ ದೇಶಗಳ ಕಥೆಗಳ ಅನುವಾದ ಓದಿ ಓದಿ ಕಲಿತದ್ದು, ಅಲ್ಲಿ ಕೊನೆಗೆ ಒಬ್ಬ ಹೆಂಗಸು ಸಾಯಲೇಬೇಕು, ಇಲ್ಲಿ ಅವನ ಕಥೆಗೆ ಇವಳು ಸಿಕ್ಕಳು, ಹುಬ್ಬಿನ ಮೇಲಿನ ಕಲೆ ಸಮೇತ, ಗಂಡನ ಪಂಚರ್ ಅಂಗಡಿ ಸಮೇತ, ಸ್ಟೋ, ಸೀಮೆಎಣ್ಣೆ, ಗಂಡ ಗೀರಿದ ಕಡ್ಡಿ. ಮಾರುತಿ ಅವಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಆ ಕಥೆಯಿದ್ದ ದೀಪಾವಳಿ ಸಂಚಿಕೆ ಬಂದಾಗ ಟೇಲರ್ ಇಸ್ಮಾಯಿಲ ಅಂಗಡಿಯಲ್ಲಿ ಗಿರಾಕಿಗಳಿಗೆ ಓದಿ ಹೇಳಿದ್ದ, ಅರೆ ಮಾರುತಿ, ನಿನ್ನ ಸಾಲಾ, ಹೇಣ್ತಿ ಅಣ್ಣ, ನಿನಗ ಫಾಸಿಗಿ ಏರಿಸ್ಯಾನಲ್ಲೋ, ಎಲ್ಲರೂ ನಕ್ಕರು, ಸಂಜೆಯ ಹೊತ್ತಿಗೆ ನಗು ನಿಂತಿತ್ತು, ಓಣಿಯ ಗಯಾಬಾಯಿ ಬಂದು ಸೆರಗು ಸರಿಸಿ ತೋಳು ಬೆನ್ನು ನೋಡಿದಳು, ಖರೇ ಹೇಳವ್ವ, ಹೊಡಿತಾನೇನು, ಇಲ್ಲ ಮೌಶಿ, ಹಾಂಗೇ ಅನಬೇಕಾಗ್ತದ ಬಿಡು, ನಮಗೇನು ತಿಳಿಯಾಂಗಿಲ್ಲೇನು. ಅಂದಿನಿಂದ ಅವಳು ಸ್ಟೋ ಮುಟ್ಟಿಲ್ಲ, ಮಾರುತಿ ಮುಟ್ಟಗೊಡುವುದಿಲ್ಲ, ಬ್ಯಾಡ ರೂಪಾಲಿ, ನಾಳಿ ನಿನ್ನ ಸೆರಗಿಗಿ ಒಂದು ಕಿಡಿ ತಗುಲಿದ್ರೂ ಮಂದಿ ಆ ಕಥಿ ಒಯ್ದು ಪೊಲೀಸ್ರ ಮುಂದ ಇಡ್ತಾರ, ನೀ ಹೊರಗ ಕೂಡು — ಬಾಗಿಲು ಪೂರಾ ತೆರೆಯುತ್ತಾನೆ, ಓಣಿಗೆಲ್ಲ ಕಾಣುವಂತೆ ಅವಳನ್ನು ಕಟ್ಟೆಯ ಮೇಲೆ ಕೂರಿಸುತ್ತಾನೆ, ಟಯರಿನ ಕಪ್ಪು ಹತ್ತಿದ ಬೆರಳಲ್ಲಿ ಕಡ್ಡಿ ಹಿಡಿಯುತ್ತಾನೆ, ಅವಳು ಎಷ್ಟು ದೂರದಲ್ಲಿದ್ದಾಳೆಂದು ಒಮ್ಮೆ ನೋಡುತ್ತಾನೆ, ಆಮೇಲೆ ಗೀರುತ್ತಾನೆ.

ಪಕ್ಕದ ಹುಡುಗಿ ಕೊನೆ ನಾಟಬೇಕು ಎಂದು ಬರೆದು ಕೆಳಗೆ ಗೆರೆ ಎಳೆದಳು, ಅನುರಾಧಾ ಅಂತೆ, ಮನ್ನಾಏಖೇಳ್ಳಿಯಿಂದ ಬಸ್ಸಿಗೆ ಬರುತ್ತಾಳಂತೆ, ನಾನೂ ನಮ್ಮ ವೈನಿ ಮ್ಯಾಲ ಒಂದು ಕಥಿ ಬರಿಯಾಕತ್ತೀನ್ರಿ ಅಕ್ಕಾರ, ಭಾಳ ಮಸ್ತ್ ಆಗ್ಯದ, ಪಾಪ ಆ ಅತ್ತಿಗೆ, ಈಗ ರೊಟ್ಟಿ ಬಡಿಯುತ್ತಿರಬೇಕು, ಗೊತ್ತಿಲ್ಲ ಅವಳಿಗೆ. ಹಿಂದೆ ಒಬ್ಬ ಹುಡುಗ ಎದ್ದ, ಸರ್, ನಿಮ್ಮ ತಂಗಿ ಖರೇನ ಹಾಂಗ ಹೋದ್ರೇನ್ರಿ. ದಾದಾ ನೀರಿನ ಗ್ಲಾಸು ಎತ್ತಿದ, ಅವಳು ಕುರ್ಚಿಯಿಂದ ಅರ್ಧ ಎದ್ದಳು, ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿದಳು, ಕಾಣಲಿ, ಹುಬ್ಬಿನ ಕಲೆ ಕಾಣಲಿ, ನೋಡುತ್ತಿದ್ದಾನೆ, ಅವಳನ್ನೇ, ತುಟಿ ಬಿಚ್ಚಿದ — ಕೆಲವನ್ನು ಬರೆಯಬಹುದು, ಹೇಳಲಾಗುವುದಿಲ್ಲ, ಅಂದ. ಚಪ್ಪಾಳೆಯಾದರೂ ಬಿದ್ದಿದ್ದರೆ, ಇದು ಅದಕ್ಕಿಂತ ಕೆಟ್ಟದ್ದು, ಎಲ್ಲರೂ ಉಸಿರು ಹಿಡಿದಿದ್ದಾರೆ, ಅವಳಿಗಾಗಿ. ಅನುರಾಧಾ ಕಣ್ಣೊರೆಸಿಕೊಂಡು ಅವಳ ಕೈ ಹಿಡಿದು ಕೂರಿಸಿದಳು, ನಿಮಗೂ ಸಂಕಟ ಆತಲ್ರಿ, ನೀವು ಸರ್‌ಗ ಏನಾಗಬೇಕ್ರಿ ಅಕ್ಕಾರ, ತಂಗಿ ಅಂದರೆ ಈ ಹುಡುಗಿ ನಗುತ್ತಾಳೋ ಹೆದರುತ್ತಾಳೋ, ಏನೂ ಇಲ್ಲವ್ವ, ಅಂದಳು, ಅಂದದ್ದು ತನ್ನದೇ ಬಾಯಿ, ಏನೂ ಇಲ್ಲ, ಇನ್ನು ಮನೆ, ಹೇಳಿದನೇನು ಎಂದು ಮಾರುತಿ ಕೇಳುವುದೂ ಇಲ್ಲ, ಮುಖ ನೋಡಿದರೆ ತಿಳಿಯುತ್ತದೆ, ಎದ್ದು ಬಾಗಿಲು ತೆರೆಯುತ್ತಾನೆ, ನೀ ಹೊರಗ ಕೂಡು, ಕಪ್ಪು ಬೆರಳು, ಕಡ್ಡಿ, ಅವಳನ್ನು ನೋಡುತ್ತಾನೆ, ಗೀರುವ ಮೊದಲು ಅವಳನ್ನು ನೋಡುತ್ತಾನೆ, ದೂರ ಅಳೆಯಲೆಂದೇ ಅಲ್ಲವೇ, ಕಡ್ಡಿ, ನೋಡುತ್ತಾನೆ, ಕಡ್ಡಿ