ಪ್ರತಿ ತಟ್ಟೆಯ ಮೊದಲ ಬಿಸ್ಕತ್ತು

"ಇಷ್ಟು ಪಥ್ಯ ಮಾಡಿಯೂ ಕೊಲೆಸ್ಟ್ರಾಲ್ ಇಳಿದಿಲ್ಲ ಅಂದ್ರೆ ಹೇಗ್ರೀ? ಹೊರಗೇನಾದ್ರೂ ತಿಂತೀರಾ?" ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

"ಒಂದು ತುತ್ತೂ ಇಲ್ಲ," ಅಂದ ಬೇಕರಿಯವನು. ಸುಳ್ಳು ಹೇಳುತ್ತಿದ್ದೇನೆ ಅಂತ ಅವನಿಗೆ ಅನ್ನಿಸಲೂ ಇಲ್ಲ.

"ನಾನೇ ಸಾಕ್ಷಿ," ಹೆಂಡತಿ ಬಾಯಿ ಹಾಕಿದಳು. "ಬೆಳಿಗ್ಗೆ ಓಟ್ಸು, ಆಮೇಲೆ ಬೇಳೆ, ಸೊಪ್ಪು, ಹಣ್ಣು. ನಮ್ಮನೆ ಎಣ್ಣೆ ಡಬ್ಬಿಗೆ ಜೇಡ ಬಲೆ ಕಟ್ಟಿದೆ!"

ಡಾಕ್ಟರು ನಗಲಿಲ್ಲ. "ಮಾತ್ರೆ ಶುರು ಮಾಡೋಣ. ಮನೇಲಿ ಯಾರಿಗಾದ್ರೂ ಹೃದಯದ ತೊಂದರೆ ಇತ್ತಾ?"

"ನಮ್ಮಣ್ಣನಿಗೆ..." ಬೇಕರಿಯವನು ಕೈಯಲ್ಲಿದ್ದ ರಿಪೋರ್ಟು ಮಡಚಿದ. ಅಣ್ಣ ಬೇಕರಿಯ ಒಲೆಯ ಮುಂದೆಯೇ ಕುಸಿದು ಪ್ರಾಣ ಬಿಟ್ಟಿದ್ದ. ಈಗ ಇವನಿಗೂ ಅದೇ ವಯಸ್ಸು.

ಮೆಟ್ಟಿಲಿಳಿಯುವಾಗ ಎದೆ ಡವಡವ ಅಂದಿತು. ಹೆದರಿಕೆಯೋ, ಅಣ್ಣನಿಗಾದದ್ದೇ ಶುರುವಾಯಿತೋ ಅಂತ ತಿಳಿಯದೆ ಗೋಡೆ ಹಿಡಿದು ನಿಂತ. ಹೆಂಡತಿ ಅವನೊಬ್ಬನನ್ನೇ ಬಿಡಲು ಒಪ್ಪಲಿಲ್ಲ. ಎಂದೂ ಗಲ್ಲಾ ದಾಟಿ ಬಾರದವಳು ಅಂದು ಬೇಕರಿಯ ಒಳಕೋಣೆಯಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂತಳು.

ಅವನು ಒಲೆಯಿಂದ ಬೆಣ್ಣೆ ಬಿಸ್ಕತ್ತಿನ ತಟ್ಟೆ ಹೊರಗೆಳೆದ. ಮೊದಲನೆಯದನ್ನು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ತಲೆ ಆಡಿಸಿದ. ಇನ್ನೊಂದು ತಟ್ಟೆ. ಮತ್ತೆ ಅದೇ.

"ರೀ! ಬಾಯಲ್ಲೇನದು?"

"ಏನಿಲ್ವೇ, ರುಚಿ ನೋಡ್ದೆ."

"ಎಲ್ಲಾ ತಟ್ಟೇದೂ ನೋಡ್ತೀರಾ?"

"ನೋಡ್ದೆ ಇದ್ರೆ ಹೇಗೆ? 'ನೀನು ಬಾಯಿಗಿಡದ್ದನ್ನ ಗಿರಾಕಿ ಕೈಗಿಡಬೇಡ' ಅಂತ ಅಣ್ಣಾನೇ ಕಲಿಸಿದ್ದು."

ಹೆಂಡತಿ ಮೂಟೆಯಿಂದ ಎದ್ದು ನಿಂತಳು. "ಹಾಗಾದ್ರೆ ಭಾವಾನೂ ದಿನಾ ಹೀಗೇ..."

ಅವನು ತಟ್ಟೆ ಕೆಳಗಿಟ್ಟ. ನಾಲಿಗೆಯ ಮೇಲಿನ ಬೆಣ್ಣೆ ಒಮ್ಮೆಲೇ ಭಾರವಾಯಿತು. ಅಣ್ಣ ಬಿದ್ದ ದಿನ ಮೀಸೆಯಲ್ಲಿ ಬಿಸ್ಕತ್ತಿನ ಪುಡಿ ಇತ್ತು. ಒರೆಸಿದ್ದು ಇವನೇ.

"ರುಚಿ ನೋಡೋದು ತಿನ್ನೋದಲ್ಲ ಅಂದ್ಕೊಂಡಿದ್ದೆ ಕಣೇ," ಅಂದ ಅವನು.

"ನೀವಂದ್ಕೊಂಡ್ರೆ ಆಯ್ತಾ? ಹೊಟ್ಟೆಗೆ ಹೇಳಿದ್ರಾ?" ಬೈಯುತ್ತಲೇ ಅವಳು ಕಣ್ಣೊರೆಸಿಕೊಂಡಳು. "ಕೊಡಿ ಇಲ್ಲಿ, ನಾನು ನೋಡ್ತೀನಿ."

"ನಿನಗೆ ಹದ ಗೊತ್ತಾಗಲ್ಲ."

"ನಿಮ್ಮ ಜೊತೆ ಇಷ್ಟು ವರ್ಷ ಬಾಳಿದೀನಿ, ಒಂದು ಬಿಸ್ಕತ್ತಿನ ಹದ ಗೊತ್ತಾಗಲ್ವಾ?"

ಮೂರನೆಯ ತಟ್ಟೆ ಹೊರಬಂತು. ಅಭ್ಯಾಸಬಲ. ಮುರಿದ ಚೂರು ತುಟಿಯವರೆಗೂ ಹೋಗಿಬಿಟ್ಟಿತ್ತು. ಅಲ್ಲೇ ತಡೆದು ಅದನ್ನು ಅವಳ ಅಂಗೈಗೆ ಹಾಕಿದ.

ಅವಳು ಅಗಿದು, ಹುಬ್ಬು ಗಂಟಿಕ್ಕಿ, ಬಚ್ಚಲಿಗೆ ಉಗುಳಿದಳು.

"ಅಯ್ಯೋ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಉಪ್ಪು ಚೂರು ಮುಂದು. ನನಗೂ ಇರೋದು ಒಂದೇ ಹೃದಯ."

ಅವನು ಮೂಲೆಯಲ್ಲಿದ್ದ ಖಾಲಿ ಡಬ್ಬ ತೊಳೆದು, ಇನ್ನು ರುಚಿ ನೋಡಿ ಉಗುಳಲು ಇರಲಿ ಅಂತ ಒಲೆಯ ಪಕ್ಕದಲ್ಲಿಟ್ಟ. ನಲ್ಲಿಗೆ ಬಾಯೊಡ್ಡಿ, ಹಲ್ಲಿನ ಸಂದಿಯ ಬೆಣ್ಣೆಯೆಲ್ಲ ಹೋಗುವವರೆಗೂ ಮುಕ್ಕಳಿಸಿದ.